ಮೊಳ ಹಾಕುವವರೂ ಬೇಕು



“ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ” ಎಂಬ ಗಾದೆಯನ್ನು ನೀವು ಕೇಳಿರಬಹುದು. ಬಿಟ್ಟಿಯಾಗಿ ಸಿಕ್ಕ ಬಟ್ಟೆಯನ್ನೂ ಅಳೆದು, ಇಷ್ಟು ಕಡಿಮೆ ಇದೆ ಎಂದು ಗೊಣಗುವವರ ಬಗ್ಗೆ ಹಿರಿಯರು ಹೇಳಿದ ಮಾತಿದು. ಸ್ವತಂತ್ರ ತಂತ್ರಾಂಶ ಬರೆಯುವವರಿಗೆ ಈ ಗಾದೆ ಆಗಾಗ ನೆನಪಾಗುತ್ತದೆ. ನಿಮ್ಮಲ್ಲಿ ಕೆಲವರು ಮುಂದೆ ಇಂಥ ತಂತ್ರಾಂಶ ಬರೆಯುವವರಾಗುತ್ತೀರಿ. ಉಳಿದವರೆಲ್ಲ ಅದನ್ನು ಬಳಸುವವರು. ಆದ್ದರಿಂದ ಈ ಪಾಠ ಇಬ್ಬರಿಗೂ ಸೇರಿದ್ದು.

ಸ್ವತಂತ್ರ ತಂತ್ರಾಂಶ ಎಂದರೆ ಬರೀ ಹಣ ಕೊಡದೆ ಸಿಗುವ ತಂತ್ರಾಂಶವಲ್ಲ. ಅದನ್ನು ಯಾವ ಕೆಲಸಕ್ಕಾದರೂ ಬಳಸಬಹುದು, ಅದರ ಕೋಡ್ ಓದಬಹುದು, ಇತರರಿಗೆ ಹಂಚಬಹುದು, ಬದಲಾಯಿಸಿ ಮತ್ತೆ ಹಂಚಬಹುದು. ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಗ್ನೂ ಯೋಜನೆಯನ್ನು ಪ್ರಕಟಿಸಿದರು. ಈ ಹಕ್ಕುಗಳನ್ನು ಕಾಪಾಡುವ ಜಿಪಿಎಲ್ ಪರವಾನಗಿ 1989ರಲ್ಲಿ ಬಂತು. ಈ ತಂತ್ರಾಂಶಕ್ಕೆ ಯಾವ ಖಾತರಿಯೂ ಇಲ್ಲ ಎಂದು ಆ ಪರವಾನಗಿಯಲ್ಲೇ ಬರೆದಿದೆ. ಹಾಗಾದರೆ ಬಳಕೆದಾರರು ಬೈದಾಗ “ಖಾತರಿ ಇಲ್ಲ ಎಂದು ಮೊದಲೇ ಹೇಳಿದ್ದೆನಲ್ಲ” ಎಂದು ಸುಮ್ಮನಿದ್ದುಬಿಡಬಹುದೇ? ಕಾನೂನಿನ ಪ್ರಕಾರ ಹೆಚ್ಚಿನ ಸಂದರ್ಭದಲ್ಲಿ ಇರಬಹುದು. ಆದರೆ ಹಾಗಿದ್ದರೆ ತಂತ್ರಾಂಶ ಬೆಳೆಯುವುದಿಲ್ಲ.

ಒಂದು ಕಟು ಪತ್ರವನ್ನು ಓದುವ ಬಗೆ

ಹಳೆಯ ಆಸ್ಕಿ ಫಾಂಟುಗಳಲ್ಲಿ ಟೈಪ್ ಮಾಡಿದ ಕನ್ನಡ ಕಡತಗಳನ್ನು ಯೂನಿಕೋಡಿಗೆ ಬದಲಿಸುವ ಒಂದು ಚಿಕ್ಕ ತಂತ್ರಾಂಶವನ್ನು ನಾನು ಬಿಡುವಿನಲ್ಲಿ ಬರೆದು ಹಂಚಿದ್ದೇನೆ. ಕೆಲಸ ಕಾಣುವಷ್ಟು ಸುಲಭವಲ್ಲ. ‘ಧರ್ಮ’ ಎಂಬ ಪದವನ್ನೇ ನೋಡಿ. ಹಳೆಯ ಫಾಂಟುಗಳಲ್ಲಿ ಮೊದಲು ‘ಧ’, ಆಮೇಲೆ ‘ಮ’, ಕೊನೆಗೆ ಅರ್ಕಾವೊತ್ತು. ಯೂನಿಕೋಡಿನಲ್ಲಿ ‘ಧ’ ಆದ ಮೇಲೆ ‘ರ’ ಮತ್ತು ಹಲಂತ, ಕೊನೆಗೆ ‘ಮ’. ಕಣ್ಣಿಗೆ ಒಂದೇ ಪದ, ಒಳಗೆ ಕ್ರಮವೇ ಬೇರೆ. ಅಲ್ಲದೆ ಎಲ್ಲಾ ಹಳೆಯ ಫಾಂಟುಗಳ ಸಂಕೇತಗಳೂ ಒಂದೇ ಅಲ್ಲ.

ಇದನ್ನು ಬಳಸಿದ ನಿವೃತ್ತ ಉಪಾಧ್ಯಾಯರೊಬ್ಬರು ನನಗೆ ಹೀಗೆ ಬರೆದರು: “ಪ್ರಯೋಜನಕ್ಕೆ ಬಾರದ ತಂತ್ರಾಂಶ. ನನ್ನ ಇಡೀ ಪುಸ್ತಕ ಹಾಳಾಯಿತು. ಬರದಿದ್ದರೆ ಯಾಕೆ ಮಾಡಲು ಹೋಗುತ್ತೀರಿ?”

ಓದಿ ಮೈ ಉರಿಯಿತು. ಆದರೆ ತಕ್ಷಣ ಉತ್ತರ ಬರೆಯಲಿಲ್ಲ. ಅಸರ್ ನಮಾಝ್ ಮುಗಿಸಿ ಬಂದು, ಪತ್ರವನ್ನು ಒಂದು ಹಾಳೆಯಲ್ಲಿ ಬರೆದುಕೊಂಡು, ನನ್ನ ಬಗ್ಗೆ ಇದ್ದ ಮಾತುಗಳಿಗೆ ಗೆರೆ ಎಳೆದೆ. ಮೊದಲನೆಯ ಮತ್ತು ಮೂರನೆಯ ವಾಕ್ಯ ಹೋದವು. ಉಳಿದದ್ದು ಒಂದೇ: “ನನ್ನ ಇಡೀ ಪುಸ್ತಕ ಹಾಳಾಯಿತು.” ಅದರಲ್ಲಿ ಸಿಟ್ಟಿಗಿಂತ ಭಯ ಹೆಚ್ಚು ಕಾಣಿಸಿತು. ವರ್ಷಗಟ್ಟಲೆ ಬರೆದದ್ದು ಕಳೆದೇ ಹೋಯಿತೇನೋ ಎಂಬ ಭಯ.

ಹಾಗಾಗಿ ಉತ್ತರದ ಮೊದಲ ಸಾಲಿನಲ್ಲೇ ಹೀಗೆ ಬರೆದೆ: “ಸರ್, ನಿಮ್ಮ ಮೂಲ ಕಡತ ಸುರಕ್ಷಿತವಾಗಿದೆ. ತಂತ್ರಾಂಶ ಅದನ್ನು ಮುಟ್ಟುವುದಿಲ್ಲ, ಬೇರೆ ಕಡತ ಮಾಡಿಕೊಡುತ್ತದೆ.” ಆಮೇಲೆ ಮೂರು ವಿಷಯ ಕೇಳಿದೆ. ಯಾವ ಫಾಂಟಿನಲ್ಲಿ ಟೈಪ್ ಮಾಡಿದ್ದೀರಿ? ತಪ್ಪಾಗಿ ಬಂದ ಒಂದು ಸಾಲು ಕಳಿಸುವಿರಾ? ಅದೇ ಸಾಲು ಮೂಲದಲ್ಲಿ ಹೇಗಿದೆ?

ಮಾರನೆಯ ದಿನ ಬಂದ ಉತ್ತರದಲ್ಲಿ ಸಿಟ್ಟು ಇರಲಿಲ್ಲ. ಆ ಪುಸ್ತಕದ ಮುಖ್ಯ ಪಠ್ಯ ಒಂದು ಫಾಂಟಿನಲ್ಲೂ, ನಡುವಿನ ಉಲ್ಲೇಖಗಳು ಬೇರೊಂದು ಫಾಂಟಿನಲ್ಲೂ ಇದ್ದವು. ಒಂದೇ ಕಡತದಲ್ಲಿ ಎರಡು ಸಂಕೇತ ಪದ್ಧತಿ ಬರಬಹುದೆಂದು ನನಗೆ ತೋರಿಸಿಕೊಟ್ಟವರು ಅವರೇ. ಈಗ ಆಯ್ದ ಭಾಗಕ್ಕೆ ಬೇರೆ ಫಾಂಟ್ ಸೂಚಿಸುವ ಅವಕಾಶ ತಂತ್ರಾಂಶದಲ್ಲಿದೆ. ಆ ಹಿರಿಯರು ಇಂದಿಗೂ ನನ್ನನ್ನು ಹೊಗಳಿಲ್ಲ. ಆದರೆ ತಪ್ಪು ಕಂಡಾಗೆಲ್ಲ ಪುಟಸಂಖ್ಯೆ ಸಮೇತ ಬರೆಯುತ್ತಾರೆ. ನನಗೆ ಬೇಕಾದದ್ದು ಅದೇ.

ಟೀಕೆಯಲ್ಲಿ ನಾಲ್ಕು ಬಗೆ

ಬಂದ ಟೀಕೆಗಳನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗಬಾರದು. ನಾನು ಅವನ್ನು ನಾಲ್ಕಾಗಿ ವಿಂಗಡಿಸುತ್ತೇನೆ.

1. ದೋಷದ ವರದಿ. ಮಾತು ಒರಟಾಗಿದ್ದರೂ ಒಳಗೆ ಬಗ್ ಇದ್ದರೆ ಅದು ಉಡುಗೊರೆ. ಟೆಕ್ ಎಂಬ ಅಕ್ಷರ ಜೋಡಣೆ ತಂತ್ರಾಂಶ ಬರೆದ ಡೊನಾಲ್ಡ್ ನುತ್, ತಮ್ಮ ಪುಸ್ತಕಗಳಲ್ಲಿ ತಪ್ಪು ಹುಡುಕಿದವರಿಗೆ 2.56 ಡಾಲರಿನ ಚೆಕ್ ಕಳಿಸುತ್ತಿದ್ದರು. 256 ಸೆಂಟ್ ಎಂದರೆ ಹದಿನಾರರ ಸಂಖ್ಯಾಪದ್ಧತಿಯಲ್ಲಿ ಒಂದು ಡಾಲರ್ ಎಂಬುದು ಅವರ ತಮಾಷೆ. ಎಷ್ಟೋ ಜನ ಆ ಚೆಕ್ಕನ್ನು ಬ್ಯಾಂಕಿಗೆ ಹಾಕದೆ ಫ್ರೇಮ್ ಹಾಕಿಸಿ ಇಟ್ಟುಕೊಂಡರು.

2. ಹೊಸ ಬೇಡಿಕೆ. “ಇದೂ ಇರಬೇಕಿತ್ತು” ಎನ್ನುವುದು ದೋಷವಲ್ಲ. ಆಗುವುದಾದರೆ ಆಗುತ್ತದೆ ಎನ್ನಿ, ಆಗದಿದ್ದರೆ ಇಲ್ಲ ಎನ್ನಿ. “ನೋಡೋಣ” ಎಂದು ತಿಂಗಳುಗಟ್ಟಲೆ ಕಾಯಿಸುವುದಕ್ಕಿಂತ ವಿನಯದ ‘ಇಲ್ಲ’ ಮೇಲು.

3. ಅಭಿರುಚಿಯ ಭೇದ. 2011ರಲ್ಲಿ ಗ್ನೋಮ್ 3 ಡೆಸ್ಕ್‌ಟಾಪ್ ಬಂದಾಗ ಹಳೆಯ ಬಳಕೆದಾರರು ಅನೇಕರು ಅದನ್ನು ಒಪ್ಪಲಿಲ್ಲ. ಕೆಲವರು ಗ್ನೋಮ್ 2ರ ಕೋಡ್ ಎತ್ತಿಕೊಂಡು ‘ಮಾಟೆ’ ಕಟ್ಟಿದರು. ಲಿನಕ್ಸ್ ಮಿಂಟ್ ತಂಡ ‘ಸಿನಮನ್’ ಕಟ್ಟಿತು. ಮೂರೂ ಇಂದಿಗೂ ಇವೆ. ಒಪ್ಪದವನು ಕೋಡ್ ಒಯ್ದು ಬೇರೆ ದಾರಿ ಹಿಡಿಯಬಹುದು ಎಂಬುದೇ ಈ ಲೋಕದ ಸೌಂದರ್ಯ. ಎಲ್ಲರನ್ನೂ ಮೆಚ್ಚಿಸುವ ಹೊರೆ ಡೆವಲಪರ್ ತಲೆಯ ಮೇಲಿಲ್ಲ.

4. ಬರೀ ನಿಂದನೆ. ಎಷ್ಟು ಗೆರೆ ಎಳೆದರೂ ಕೊನೆಗೆ ಏನೂ ಉಳಿಯದ ಪತ್ರ. ಇದಕ್ಕೆ ಉತ್ತರ ಬೇಡ. ಬೆದರಿಕೆ ಇದ್ದರೆ ಪತ್ರವನ್ನು ಅಳಿಸದೆ ಹಿರಿಯರಿಗೆ ತೋರಿಸಿ.

ಒತ್ತಡಕ್ಕೆ ಮಣಿದರೆ ಏನಾಗಬಹುದು?

ಈ ವಿಂಗಡಣೆ ಯಾಕೆ ಮುಖ್ಯ ಎಂಬುದಕ್ಕೆ ಒಂದು ದೊಡ್ಡ ಉದಾಹರಣೆ ಇದೆ. ದತ್ತಾಂಶವನ್ನು ಕುಗ್ಗಿಸುವ ‘ಎಕ್ಸ್‌ಝಡ್’ ಎಂಬ ತಂತ್ರಾಂಶ ಹೆಚ್ಚುಕಡಿಮೆ ಎಲ್ಲಾ ಲಿನಕ್ಸ್ ವ್ಯವಸ್ಥೆಗಳಲ್ಲೂ ಇದೆ. ಅದನ್ನು ಫಿನ್ಲೆಂಡಿನ ಲಾಸ್ಸೆ ಕಾಲಿನ್ ವರ್ಷಗಳ ಕಾಲ ಸಂಬಳವಿಲ್ಲದೆ ನೋಡಿಕೊಂಡಿದ್ದರು. 2021ರಲ್ಲಿ ‘ಜಿಯಾ ಟ್ಯಾನ್’ ಎಂಬ ಹೆಸರಿನಿಂದ ಒಬ್ಬರು ಸಹಾಯಕ್ಕೆ ಬಂದರು. 2022ರಲ್ಲಿ ಬೇರೆ ಹೆಸರುಗಳಿಂದ ದೂರುಗಳು ಶುರುವಾದವು: ಕೆಲಸ ನಿಧಾನ, ಬಳಕೆದಾರರ ಬಗ್ಗೆ ಕಾಳಜಿ ಇಲ್ಲ, ಹೊಣೆಯನ್ನು ಬೇರೆಯವರಿಗೆ ಕೊಡಿ. ಮನಸ್ಸಿನ ಆರೋಗ್ಯ ಸರಿಯಿಲ್ಲ, ಇದು ಬಿಡುವಿನ ಕೆಲಸ ಎಂದು ಅವರು ಹೇಳಿಕೊಂಡರೂ ಒತ್ತಡ ನಿಲ್ಲಲಿಲ್ಲ. ಕೊನೆಗೆ ಜಿಯಾ ಟ್ಯಾನ್‌ಗೆ ಅಧಿಕಾರದಲ್ಲಿ ಪಾಲು ಸಿಕ್ಕಿತು. 2024ರ ಫೆಬ್ರವರಿ ಮತ್ತು ಮಾರ್ಚ್‌ನಲ್ಲಿ ಬಂದ ಎರಡು ಆವೃತ್ತಿಗಳಲ್ಲಿ ಕಳ್ಳಬಾಗಿಲು ಸೇರಿಕೊಂಡಿತ್ತು.

ಅದನ್ನು ಹಿಡಿದವರು ಆಂಡ್ರೆಸ್ ಫ್ರಾಯಂಡ್ ಎಂಬ ಎಂಜಿನಿಯರ್. ಲಾಗಿನ್ ಆಗಲು ಸುಮಾರು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆ ಎಂಬ ಸಣ್ಣ ವ್ಯತ್ಯಾಸವನ್ನು ಅವರು ಬಿಡದೆ ಬೆನ್ನಟ್ಟಿದರು. 2024ರ ಮಾರ್ಚ್ 29ರಂದು ಜಗತ್ತಿಗೆ ತಿಳಿಸಿದರು. ಹೆಚ್ಚಿನ ಸರ್ವರುಗಳಿಗೆ ಆ ಆವೃತ್ತಿ ತಲುಪುವ ಮೊದಲೇ ಅಪಾಯ ತಪ್ಪಿತು. ಒತ್ತಡ ಹಾಕಿದ ಹೆಸರುಗಳೂ ಸುಳ್ಳು, ಎಲ್ಲ ಒಂದೇ ಸಂಚಿನ ಭಾಗ ಎಂಬುದು ಅನೇಕ ಸುರಕ್ಷತಾ ತಜ್ಞರ ಅಭಿಪ್ರಾಯ.

ಇಲ್ಲಿ ಎರಡು ಬಗೆಯ ಮೊಳ ಹಾಕುವವರನ್ನು ನೋಡಿ. ಒಬ್ಬರು ಅರ್ಧ ಸೆಕೆಂಡನ್ನು ಅಳೆದು ತಂತ್ರಾಂಶವನ್ನು ಉಳಿಸಿದರು. ಇನ್ನು ಕೆಲವರು ಏನನ್ನೂ ಅಳೆಯದೆ ಮನುಷ್ಯನನ್ನೇ ಕುಗ್ಗಿಸಿದರು. ಟೀಕೆ ಕೆಲಸದ ಬಗ್ಗೆ ಇದೆಯೋ ಮನುಷ್ಯನ ಬಗ್ಗೆ ಇದೆಯೋ ಎಂದು ಕೇಳಿಕೊಳ್ಳುವುದು ಬರೀ ಮನಸ್ಸಿನ ನೆಮ್ಮದಿಗಲ್ಲ, ಸುರಕ್ಷತೆಗೂ ಬೇಕು.

ದಣಿದಾಗ ದಣಿದಿದ್ದೇನೆ ಎಂದು ಹೇಳಿ. ಅದು ನಾಚಿಕೆಯ ವಿಷಯವಲ್ಲ. ಕೆಲಸದಲ್ಲಿ ಜೊತೆಗಾರರು ಬೇಕು, ಆದರೆ ಅವಸರದಲ್ಲಿ ಕೀಲಿಕೈ ಕೊಡಬೇಡಿ. ಹಾಗೆಯೇ ಸಿಟ್ಟಿಗೆ ಸಿಟ್ಟಿನ ಉತ್ತರವೂ ಬೇಡ. ಲಿನಕ್ಸ್ ಆರಂಭಿಸಿದ ಲಿನಸ್ ಟೊರ್ವಾಲ್ಡ್ಸ್ ಕೋಡ್ ಕಳಿಸಿದವರಿಗೆ ಕಟುವಾಗಿ ಬರೆಯುವುದಕ್ಕೆ ಹೆಸರಾಗಿದ್ದವರು. 2018ರ ಸೆಪ್ಟೆಂಬರಿನಲ್ಲಿ ಅವರೇ ಕ್ಷಮೆ ಕೇಳಿ, ಕೆಲವು ವಾರ ಕೆಲಸದಿಂದ ದೂರವಿದ್ದು ಮರಳಿದರು.

ಬಳಸುವವರಿಗೆ ಒಂದು ಮಾತು

ನಮ್ಮ ಲ್ಯಾಬಿನಲ್ಲಿ “ಸರ್, ಇದು ವರ್ಕ್ ಆಗ್ತಿಲ್ಲ” ಎಂಬ ಮಾತನ್ನು ದಿನವೂ ಕೇಳುತ್ತೇನೆ. ಇನ್ನು ಮುಂದೆ ಹಾಗೆ ಹೇಳುವ ಮೊದಲು ನೋಟ್‌ಬುಕ್ಕಿನಲ್ಲಿ ಮೂರು ಸಾಲು ಬರೆಯಿರಿ: ನಾನು ಏನು ಮಾಡಿದೆ, ಏನಾಗಬೇಕಿತ್ತು, ಏನಾಯಿತು. ದೋಷದ ಸಂದೇಶ ಬಂದಿದ್ದರೆ ಅದನ್ನು ಇದ್ದ ಹಾಗೆಯೇ ನಕಲು ಮಾಡಿ. ಅರ್ಧ ಸಮಸ್ಯೆ ಬರೆಯುವಾಗಲೇ ಬಗೆಹರಿಯುತ್ತದೆ. ಉಳಿದ ಅರ್ಧವನ್ನು, ಎಲ್ಲೋ ದೂರದ ಊರಿನಲ್ಲಿ ದಿನದ ಕೆಲಸ ಮುಗಿಸಿ ರಾತ್ರಿ ಕಂಪ್ಯೂಟರ್ ಮುಂದೆ ಕೂತ ಒಬ್ಬ ಅಪರಿಚಿತ ನಿಮಗಾಗಿ ಬಗೆಹರಿಸುತ್ತಾನೆ. ಬಗೆಹರಿದ ಮೇಲೆ “ಸರಿಯಾಯಿತು, ಧನ್ಯವಾದ” ಎಂದು ಒಂದು ಸಾಲು ಬರೆಯುವುದನ್ನು ಮರೆಯಬೇಡಿ. ಅಂಥ ಸಾಲುಗಳು ನಮಗೆ ಬರುವುದು ಬಹಳ ಅಪರೂಪ.