ಹಾಸಿಗೆ ಹಿಡಿದವರ ಆರೈಕೆ: ಮನೆಯವರು ತಿಳಿದಿರಬೇಕಾದ ನಾಲ್ಕು ಮಾತು



ನಮ್ಮ ಧರ್ಮಕೇಂದ್ರದ ಹಲವು ಮನೆಗಳಲ್ಲಿ ಹಾಸಿಗೆ ಹಿಡಿದ ಹಿರಿಯರಿದ್ದಾರೆ. ಪಂಚಾಯತಿನ ಪಾಲಿಯೇಟಿವ್ ನರ್ಸ್ ಆಗಾಗ ಬಂದು ನೋಡಿ ಹೋಗುತ್ತಾರೆ. ಉಳಿದ ಹಗಲು ರಾತ್ರಿಗಳ ಆರೈಕೆ ಮನೆಯವರದೇ.

ನಮ್ಮ ಅತ್ತೆ ಪಾರ್ಶ್ವವಾಯುವಿನಿಂದ ಮಲಗಿದಾಗ ದಿನವೂ ಅವರ ಬೆನ್ನು ಒರೆಸಿ ನೋಡುತ್ತಿದ್ದೆವು. ಹಿಮ್ಮಡಿಯನ್ನು ಯಾರೂ ನೋಡಲಿಲ್ಲ. ಒಂದು ದಿನ ಕಾಲುಚೀಲ ತೆಗೆದರೆ ಅಲ್ಲಿ ಕಪ್ಪಗಾದ ಹುಣ್ಣು. ಅದು ಮಾಯಲು ತಿಂಗಳುಗಳೇ ಹಿಡಿದವು. ನಮಗಾದದ್ದು ನಿಮಗಾಗದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

1. ಕೈ ತೊಳೆಯುವುದು. ರೋಗಿಯನ್ನು ಮುಟ್ಟುವ ಮೊದಲೂ ಆಮೇಲೂ ಸೋಪು ಹಚ್ಚಿ, ಬೆರಳ ಸಂದು ಮತ್ತು ಉಗುರಿನ ಬುಡ ಉಜ್ಜಿ, ಕನಿಷ್ಠ 20 ಸೆಕೆಂಡು ತೊಳೆಯಿರಿ. ಉಂಗುರ, ಬಳೆ ತೆಗೆದಿಡಿ.

2. ಮಗ್ಗುಲು ಬದಲಿಸುವುದು. ಒಂದೇ ಕಡೆ ಭಾರ ಬಿದ್ದರೆ ಅಲ್ಲಿ ರಕ್ತ ಓಡುವುದಿಲ್ಲ, ಚರ್ಮ ಸಾಯುತ್ತದೆ. ಸಾಮಾನ್ಯವಾಗಿ 2 ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಎಳೆಯಬೇಡಿ, ಇಬ್ಬರು ಸೇರಿ ಕೆಳಗಿನ ಬಟ್ಟೆ ಹಿಡಿದು ಎತ್ತಿ. ತಲೆಯ ಹಿಂಭಾಗ, ಹೆಗಲು, ಮೊಣಕೈ, ಬೆನ್ನಿನ ಕೆಳತುದಿ, ಸೊಂಟದ ಪಕ್ಕ, ಹಿಮ್ಮಡಿ ಇವನ್ನು ದಿನವೂ ನೋಡಿ. ಕೆಂಪಾದ ಕಡೆ ಬೆರಳಿನಿಂದ ಒತ್ತಿ ಬಿಡಿ. ಕೆಂಪು ಮಾಯವಾಗದಿದ್ದರೆ ಅದು ಹುಣ್ಣಿನ ಮೊದಲ ಹೆಜ್ಜೆ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣಿಸದು. ಅಲ್ಲಿ ಬಿಸಿ, ಗಡಸು, ನೋವು ಇದೆಯೇ ನೋಡಿ. ಆ ಜಾಗವನ್ನು ತಿಕ್ಕಬೇಡಿ, ಅದರ ಮೇಲೆ ಭಾರ ಹಾಕಬೇಡಿ, ನರ್ಸ್‌ಗೆ ತಿಳಿಸಿ. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ಮಾಡಿ. ಮಲಮೂತ್ರದ ಒದ್ದೆ ಕೂಡಲೇ ಒರೆಸಿ ಒಣಗಿಸಿ.

3. ಉಣ್ಣಿಸುವುದು. ಮಲಗಿಸಿಕೊಂಡು ಗಂಜಿ ಕುಡಿಸಬೇಡಿ. ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯ ಆಗಬಹುದು. ನೇರವಾಗಿ ಕೂರಿಸಿ, ಗದ್ದ ತುಸು ಬಗ್ಗಿಸಿ, ಸಣ್ಣ ಚಮಚದಲ್ಲಿ ಕೊಡಿ. ಒಂದು ತುತ್ತು ನುಂಗಿದ ಮೇಲೆಯೇ ಇನ್ನೊಂದು. ಕೆಮ್ಮು ಬಂದರೆ, ಮಾತು ಗೊರಗೊರ ಎಂದರೆ ನಿಲ್ಲಿಸಿ. ಮಂಪರಿನಲ್ಲಿದ್ದರೆ ಏನೂ ಕೊಡಬೇಡಿ. ಉಂಡ ಮೇಲೆ ಅರ್ಧ ಗಂಟೆ ಕೂತಿರಲಿ. ನುಂಗಲು ಕಷ್ಟವಿದ್ದರೆ ಪರಮಪ್ರಸಾದ ತರುವ ಗುರುಗಳಿಗೆ ಮೊದಲೇ ಹೇಳಿ. ಚಿಕ್ಕ ತುಣುಕು ಸಾಕು.

4. ಔಷಧ. ಯಾರಿಗೆ, ಯಾವ ಔಷಧ, ಎಷ್ಟು, ಯಾವಾಗ, ಹೇಗೆ ಎಂಬ ಐದನ್ನೂ ನೋಡಿಯೇ ಕೊಡಿ. ಕೊಟ್ಟ ಕೂಡಲೇ ಒಂದು ಪುಸ್ತಕದಲ್ಲಿ ಬರೆದಿಡಿ. ಇಲ್ಲದಿದ್ದರೆ ಸೊಸೆ ಕೊಟ್ಟದ್ದನ್ನೇ ಮಗಳೂ ಕೊಟ್ಟಾಳು. ಕೇಳದೆ ಮಾತ್ರೆ ಪುಡಿ ಮಾಡಬೇಡಿ. ಕೆಲವು ಮಾತ್ರೆಗಳು ನಿಧಾನವಾಗಿ ಕರಗಲೆಂದೇ ಮಾಡಿದವು.

ನಮ್ಮ ಕಾಸರಗೋಡಿನಲ್ಲಿ ಇನ್ನೊಂದು ತೊಡಕು ಭಾಷೆಯದು. ಅಜ್ಜಿ ಕನ್ನಡದಲ್ಲಿ ನರಳುತ್ತಾರೆ, ನರ್ಸ್ ಮಲಯಾಳದಲ್ಲಿ ಕೇಳುತ್ತಾರೆ. ಅಜ್ಜಿಗೆ "ಉಬ್ಬಸ" ಆದರೆ "ಶ್ವಾಸಂಮುಟ್ಟ್" ಎಂದು, "ನೋವು" ಎಂದರೆ "ವೇದನ" ಎಂದು ಹೇಳಿ. ಎಲ್ಲಿ, ಯಾವಾಗಿನಿಂದ ಎಂಬುದನ್ನೂ ಸೇರಿಸಿ. ಎರಡು ಭಾಷೆ ಬಲ್ಲ ಮನೆಯ ಮಕ್ಕಳು ಪಕ್ಕದಲ್ಲಿರಲಿ.

ಉಸಿರಾಟ ಕಷ್ಟವಾದರೆ, ಎಬ್ಬಿಸಿದರೂ ಏಳದಿದ್ದರೆ, ಬಾಯಿ ಸೊಟ್ಟಗಾದರೆ, ಕೈಕಾಲು ಸೋತರೆ ಕಾಯಬೇಡಿ. 108ಕ್ಕೆ ಕರೆ ಮಾಡಿ. ಜ್ವರ, ಹುಣ್ಣಿನ ದುರ್ವಾಸನೆ, ಮೂತ್ರ ಕಟ್ಟುವುದು ಕಂಡರೆ ಅದೇ ದಿನ ನರ್ಸ್‌ಗೋ ವೈದ್ಯರಿಗೋ ತಿಳಿಸಿ.

ಕೊನೆಯ ಮಾತು ನೆರೆಯವರಿಗೆ. ರೋಗಿಯನ್ನು ನೋಡಲು ಹೋದಾಗ ಹಣ್ಣು ಕೊಟ್ಟು ಬರುವುದರ ಜೊತೆಗೆ ಎರಡು ಗಂಟೆ ಕುಳಿತಿರಿ, ಒಮ್ಮೆ ಮಗ್ಗುಲು ಬದಲಿಸಲು ಕೈ ಕೊಡಿ. ಅಷ್ಟು ಹೊತ್ತು ಆ ಮನೆಯ ಸೊಸೆ ನಿದ್ದೆ ಮಾಡಲಿ. "ನಾನು ರೋಗಿಯಾಗಿದ್ದೆ" ಎಂದ ಪ್ರಭುವನ್ನು ನಾವು ಕಾಣುವುದು ಆ ಹಾಸಿಗೆಯ ಬಳಿಯಲ್ಲೇ.