ಪ್ರಿಂಟ್‌ಎಫ್ ಹಾಕಿದ್ವಿ, ಔಟ್‌ಪುಟ್ ಎಲ್ಲಿ?

ಕಳೆದ ಸೆಮ್‌ನ ಲ್ಯಾಬ್ ಇಂಟರ್ನಲ್ಸ್‌ನಲ್ಲಿ ನಮ್ಮ ಲಿಂಕ್ಡ್ ಲಿಸ್ಟ್ ಪ್ರೋಗ್ರಾಂ ‘ಸೆಗ್ಮೆಂಟೇಶನ್ ಫಾಲ್ಟ್’ ಅಂತ ನಿಂತುಹೋಯ್ತು. ತಪ್ಪು ಹುಡುಕೋಕೆ ಇನ್ಸರ್ಟ್ ಫಂಕ್ಷನ್ ಮುಗಿದ ತಕ್ಷಣ ಒಂದು ಪ್ರಿಂಟ್‌ಎಫ್ ಹಾಕಿದೆವು: ‘ಇಲ್ಲಿಗೆ ಬಂತು’. ಸ್ಕ್ರೀನ್ ಮೇಲೆ ಏನೂ ಬರಲಿಲ್ಲ. ಹಾಗಾದ್ರೆ ಇನ್ಸರ್ಟ್‌ನಲ್ಲೇ ತಪ್ಪು ಅಂದುಕೊಂಡು, ಸರಿಯಾಗಿದ್ದ ಕೋಡನ್ನೇ ತಿದ್ದುತ್ತಾ ಕೂತೆವು. ಸಮಯ ಮುಗಿಯಿತು, ಮಾರ್ಕ್ಸ್ ಹೋಯಿತು. ನಿಜವಾದ ತಪ್ಪು ಮುಂದಿನ ಡಿಸ್‌ಪ್ಲೇ ಫಂಕ್ಷನ್‌ನಲ್ಲಿತ್ತು!

ಕಾರಣ ಇಷ್ಟೇ. ಪ್ರಿಂಟ್‌ಎಫ್ ಅಕ್ಷರಗಳನ್ನು ಮೊದಲು ಬಫರ್‌ನಲ್ಲಿ ಕೂಡಿಡುತ್ತದೆ. ಲಿನಕ್ಸ್ ಟರ್ಮಿನಲ್‌ನಲ್ಲಿ ‘ಬ್ಯಾಕ್‌ಸ್ಲ್ಯಾಷ್ ಎನ್’ ಬಂದಾಗ, ಬಫರ್ ತುಂಬಿದಾಗ ಅಥವಾ ಪ್ರೋಗ್ರಾಂ ಸರಿಯಾಗಿ ಮುಗಿದಾಗ ಅವು ಹೊರಗೆ ಬರುತ್ತವೆ. ನಡುವೆ ಕ್ರ್ಯಾಶ್ ಆದರೆ ಬಫರ್‌ನಲ್ಲಿದ್ದದ್ದೂ ಅದರ ಜೊತೆಗೇ ಹೋಗುತ್ತದೆ.

ಈಗ ನಾವು ಮಾಡೋದು:

1. ಪ್ರತಿ ಡೀಬಗ್ ಸಾಲಿನ ಕೊನೆಗೆ ಬ್ಯಾಕ್‌ಸ್ಲ್ಯಾಷ್ ಎನ್.
2. ಔಟ್‌ಪುಟ್ ಫೈಲಿಗೆ ಹೋಗುತ್ತಿದ್ದರೆ ಅದು ಸಾಲದು. ಪ್ರಿಂಟ್‌ಎಫ್ ಆದಮೇಲೆ ಎಫ್‌ಫ್ಲಶ್ ಕರೆದು ಎಸ್‌ಟಿಡಿಔಟ್ ಕೊಡಬೇಕು.
3. ಇಲ್ಲವೇ ಎಫ್‌ಪ್ರಿಂಟ್‌ಎಫ್ ಬಳಸಿ ಎಸ್‌ಟಿಡಿಎರರ್‌ಗೆ ಬರೆಯುವುದು. ಅಲ್ಲಿ ಕಾಯಿಸುವ ಬಫರ್ ಇಲ್ಲ.

ನೆನಪಿಡಿ: ಔಟ್‌ಪುಟ್ ಕಾಣಲಿಲ್ಲ ಅಂದ್ರೆ ಆ ಸಾಲು ಓಡಲೇ ಇಲ್ಲ ಅಂತ ಅರ್ಥ ಅಲ್ಲ.