ಕೃಷ್ಣೆಯ ನಡುಗಡ್ಡೆಗಳ ಜನರು: ಅವರ ಜೀವನ, ನಂಬಿಕೆ ಮತ್ತು ಕೊರತೆಗಳು

ಕಲಬುರಗಿಯ ರೋಜಾದ ನಿವಾಸಿಗಳಿಗೂ ಕಮಲಾಪುರದ ಕೆಂಪು ಬಾಳೆಯ ತೋಟಗಾರರಿಗೂ ಸಮುದ್ರವು ಬಹು ದೂರದ್ದು. ಆದರೆ ದ್ವೀಪವಾಸಿಗಳನ್ನು ಕಾಣುವುದಕ್ಕೆ ಸಮುದ್ರದವರೆಗೆ ಹೋಗಬೇಕಾದುದಿಲ್ಲ. ದಕ್ಷಿಣದಲ್ಲಿ ಹರಿಯುವ ಕೃಷ್ಣಾನದಿಯ ನಡುವೆಯೇ ಜನವಸತಿಯುಳ್ಳ ಗಡ್ಡೆಗಳಿವೆ. ಕಕ್ಕೇರಾ ಸಮೀಪದ ನೀಲಕಂಠರಾಯನಗಡ್ಡಿ, ರಾಯಚೂರು ತಾಲ್ಲೂಕಿನ ಕುರ್ವಕಲಾ ಮತ್ತು ಕುರ್ವಕುರ್ದಾ ಇಂಥವು. ಇವುಗಳಲ್ಲಿ ಮೊದಲನೆಯದು ಯಾದಗಿರಿ ಜಿಲ್ಲೆಯಾಗುವವರೆಗೂ ಕಲಬುರಗಿ ಜಿಲ್ಲೆಗೇ ಸೇರಿದ್ದಿತು.

ಜೀವನ

ಗಡ್ಡೆಯ ಜನರು ಬೇಸಾಯಗಾರರು. ಬಲೆ ಬೀಸುವುದನ್ನೂ ಹುಟ್ಟು ಹಾಕುವುದನ್ನೂ ಬಲ್ಲವರು. ಬೇಸಗೆಯಲ್ಲಿ ಹೊಳೆ ಇಳಿದಾಗ ಬಂಡೆಗಳ ಮೇಲೆ ನಡೆದು ದಡ ಸೇರುವುದುಂಟು. ಮಳೆಗಾಲದಲ್ಲಿ ಹರಿಗೋಲನ್ನು ಆಶ್ರಯಿಸುವುದುಂಟು. ಬಿದಿರಿನ ಬುಟ್ಟಿಗೆ ಪೂರ್ವದಲ್ಲಿ ಚರ್ಮ ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆಯನ್ನು ಹೊದಿಸಿ ಡಾಂಬರು ಬಳಿಯುತ್ತಾರೆ. ಒಂದು ವಿಶೇಷವನ್ನು ಗಮನಿಸತಕ್ಕದ್ದು: ಗಡ್ಡೆಯ ಮೇಲೆ ಹನಿ ಬೀಳದ ದಿನವೂ ಪ್ರವಾಹ ಬರಬಹುದು. ಸಹ್ಯಾದ್ರಿಯಲ್ಲಿ ಮಳೆ ಸುರಿದು, ನಾರಾಯಣಪುರದ ಬಸವಸಾಗರದಿಂದ ನೀರು ಬಿಟ್ಟಾಗ ಕೆಳಗಿನ ಗಡ್ಡೆಗಳಿಗೆ ದಾರಿ ಕಡಿಯುತ್ತದೆ.

ನಂಬಿಕೆ

ನದಿಯನ್ನು ನಂಬಿದ ಬೆಸ್ತರು, ಅಂಬಿಗರು, ಕಬ್ಬಲಿಗರು ಗಂಗೆಯನ್ನು ತಾಯಿಯೆಂದು ಪೂಜಿಸುತ್ತಾರೆ. 12ನೆಯ ಶತಮಾನದ ಶರಣ ಅಂಬಿಗರ ಚೌಡಯ್ಯನನ್ನು ತಮ್ಮ ಹಿರಿಯನೆಂದು ಗೌರವಿಸುತ್ತಾರೆ. ಶ್ರೀಪಾದ ಶ್ರೀವಲ್ಲಭರ ಕ್ಷೇತ್ರವಾದ ಕುರುವಪುರವೂ ಕೃಷ್ಣೆಯ ನಡುಗಡ್ಡೆಯೇ. ರೋಜಾದಲ್ಲಿ ಖ್ವಾಜಾ ಬಂದೇನವಾಜರ ದರ್ಗಾಕ್ಕೆ ಎಲ್ಲ ಮತದವರೂ ಹೋಗುವಂತೆ, ಅಂಬಿಗನ ಹರಿಗೋಲಿನಲ್ಲಿಯೂ ಎಲ್ಲ ಜಾತಿಯವರೂ ಒಟ್ಟಿಗೆ ಕುಳಿತು ದಾಟುವರು.

ಕೊರತೆಗಳು

2013ರ ಜುಲೈ ತಿಂಗಳಿನಲ್ಲಿ ನೀಲಕಂಠರಾಯನಗಡ್ಡಿಯ ತುಂಬುಗರ್ಭಿಣಿಯೊಬ್ಬಳು, ಒಣಗಿದ ಸೋರೆಬುರುಡೆಗಳನ್ನು ಕಟ್ಟಿಕೊಂಡು, ತುಂಬಿದ ಕೃಷ್ಣೆಯನ್ನು ಈಜಿ ದಾಟಿದಳು. ಹೆರಿಗೆಗೆ ವೈದ್ಯರ ನೆರವು ಬೇಕೆಂಬುದೇ ಆಕೆಯ ಸಾಹಸಕ್ಕೆ ಕಾರಣ. 2020ರ ಆಗಸ್ಟ್‌ನಲ್ಲಿ ಕುರ್ವಕಲಾ ಬಳಿ ಹರಿಗೋಲು ಮಗುಚಿ ಜನರು ನೀರುಪಾಲಾದರು. ಇಂಥ ಜನರಿಗೆ ಬೇಕಾದುದು ಮರುಕವಲ್ಲ. ಭದ್ರವಾದ ದಾಟು, ವೇಳೆಗೆ ಸರಿಯಾದ ಮುನ್ಸೂಚನೆ, ಹೊಳೆ ಕೈಬಿಟ್ಟಾಗ ಬದುಕಲು ಮತ್ತೊಂದು ಆಧಾರ.

ಈ ಮೂರನೆಯದು ಒಳನಾಡಿನ ಮೀನುಗಾರರೆಲ್ಲರಿಗೂ ಬೇಕಾದುದು. ಇದನ್ನು ಒದಗಿಸುವ ಶಕ್ತಿ ಕೆರೆಯುಳ್ಳ ಪ್ರತಿಯೊಂದು ಗ್ರಾಮಕ್ಕೂ ಇದೆ. ಕಾಟ್ಲಾ, ರೋಹು, ಮೃಗಾಲ್ ಎಂಬ ಗೆಂಡೆಮೀನುಗಳು ಹರಿಯುವ ಹೊಸನೀರಿನಲ್ಲಿ ಮೊಟ್ಟೆಯಿಡುತ್ತವೆಯೇ ಹೊರತು ನಿಂತ ಕೆರೆಯಲ್ಲಿ ಸಾಮಾನ್ಯವಾಗಿ ಇಡುವುದಿಲ್ಲ. 1957ರಲ್ಲಿ ಹೀರಾಲಾಲ್ ಚೌಧುರಿಯವರು ಚುಚ್ಚುಮದ್ದಿನಿಂದ ಗೆಂಡೆಗಳಿಗೆ ಮೊಟ್ಟೆಯಿಡಿಸುವ ವಿಧಾನವನ್ನು ಸಾಧಿಸಿದ ಬಳಿಕ ಕೆರೆಗೆ ಬಿಡುವ ಮರಿಗಳು ದೊರೆಯುವುದು ಸುಲಭವಾಯಿತು. ಕಾಟ್ಲಾ ಮೇಲ್ನೀರಿನಲ್ಲಿ, ರೋಹು ನಡುವೆ, ಮೃಗಾಲ್ ತಳದಲ್ಲಿ ಮೇಯುವುದರಿಂದ, ತೊಗರಿಯೊಡನೆ ಹೆಸರನ್ನು ಬಿತ್ತುವಂತೆ, ಮೂರನ್ನೂ ಒಂದೇ ಕೆರೆಯಲ್ಲಿ ಬೆಳೆಸಬಹುದು.

ಗ್ರಾಮದ ಮುಖ್ಯಸ್ಥರೂ ಜಮೀನುದಾರರೂ ಮಾಡತಕ್ಕ ಕೆಲಸಗಳು

1. ಜಲಾಶಯದಿಂದ ನೀರು ಬಿಡುವ ಸುದ್ದಿ ಬಂದೊಡನೆ ನದೀತೀರದ ಗ್ರಾಮಗಳಲ್ಲಿ ಡಂಗುರ ಸಾರಿಸತಕ್ಕದ್ದು.

2. ಮಳೆಗಾಲಕ್ಕೆ ಮುಂಚೆ ಗರ್ಭಿಣಿಯರನ್ನೂ ರೋಗಿಗಳನ್ನೂ ದಡದ ಊರುಗಳಲ್ಲಿ ಉಳಿಸಿಕೊಳ್ಳಲು ಏರ್ಪಾಡು ಮಾಡತಕ್ಕದ್ದು.

3. ಹರಿಗೋಲಿನಲ್ಲಿ ಅಳತೆ ಮೀರಿ ಜನರನ್ನು ಹತ್ತಿಸಲು ಬಿಡಬಾರದು.

4. ಗ್ರಾಮದ ಕೆರೆಯ ಮೀನು ಹಿಡಿಯುವ ಹಕ್ಕು ಹೊರಗಿನ ಗುತ್ತಿಗೆದಾರನ ಪಾಲಾಗದೆ ಮೀನುಗಾರರ ಸಹಕಾರ ಸಂಘಕ್ಕೆ ದೊರೆಯುವಂತೆ ಯತ್ನಿಸತಕ್ಕದ್ದು.

5. ಮುಂಗಾರಿನಲ್ಲಿ ಮೊಟ್ಟೆಯಿಡಲು ಏರುವ ಮೀನನ್ನು ಹಿಡಿಯುವುದೂ, ಮರಿಗಳು ಸಿಕ್ಕಿಬೀಳುವಷ್ಟು ಸಣ್ಣಕಣ್ಣಿನ ಬಲೆ ಹಾಕುವುದೂ, ನೀರಿಗೆ ವಿಷ ಬೆರೆಸುವುದೂ ನಡೆಯದಂತೆ ನೋಡಿಕೊಳ್ಳತಕ್ಕದ್ದು. ಬಿತ್ತುವ ಬೀಜವನ್ನೇ ತಿಂದ ರೈತನಿಗೆ ಸುಗ್ಗಿಯಿಲ್ಲ. ನದಿಯ ವಿಷಯದಲ್ಲಿಯೂ ಈ ಮಾತು ಸತ್ಯ.

ಮಳೆಯು ಒಳನಾಡಿನ ಹೊಲಕ್ಕೆ ಭಾಗ್ಯ. ಅದೇ ಮಳೆ ಗಡ್ಡೆಯವನಿಗೆ ದಿಗ್ಬಂಧನ. ಇದನ್ನು ನೆನೆದು ನಡೆದುಕೊಳ್ಳುವುದು ದಡದಲ್ಲಿ ಸುಖವಾಗಿರುವವರ ಕರ್ತವ್ಯ.